ಬರ್ಲಿನ್‌ಗೆ ಹೋದರೆ ಗೋಡೆಯಿಂದ ಶುರು ಮಾಡಬೇಡಿ

ಬರ್ಲಿನ್‌ಗೆ ಹೋದವರು ಮೊದಲು ಓಡುವುದು ನಗರವನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಗೋಡೆ ನೋಡಲು. ಮೊದಲ ಸಲ ನಾವೂ ಅದನ್ನೇ ಮಾಡಿದ್ದೆವು. ಆದರೆ ಗೋಡೆ ಎದ್ದಿದ್ದು 1961ರಲ್ಲಿ, ಅಷ್ಟು ಹೊತ್ತಿಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಹಗೆತನ ಬೇರು ಬಿಟ್ಟು ಹದಿನೈದು ವರ್ಷವಾಗಿತ್ತು. ಅದಕ್ಕೇ 2023ರಲ್ಲಿ ಮತ್ತೆ ಹೋದಾಗ ಇಸವಿ ಹಿಡಿದುಕೊಂಡೇ ತಿರುಗಿದೆವು. ಎರಡು ದಿನ ಬೇಕು. ಸೋಮವಾರ ಮಾತ್ರ ಬೇಡ, ಮ್ಯೂಸಿಯಂಗಳಿಗೆ ರಜೆ.

ಮೊದಲು ಕಾರ್ಲ್ಸ್‌ಹೋರ್ಸ್ಟ್. ನಗರದ ಪೂರ್ವಕ್ಕಿದೆ, ಎಸ್3 ರೈಲಿನಲ್ಲಿ ಇಳಿದು ನಡೆದೇ ಹೋಗಬಹುದು, ಟಿಕೆಟ್ ಇಲ್ಲ. 1945ರ ಮೇ 8ರ ರಾತ್ರಿ ಜರ್ಮನ್ ಸೇನೆ ಶರಣಾಗತಿಗೆ ಸಹಿ ಹಾಕಿದ ಹಾಲ್ ಇಲ್ಲಿದೆ. ಒಟ್ಟಿಗೆ ಯುದ್ಧ ಗೆದ್ದ ಸೋವಿಯತ್, ಅಮೆರಿಕ, ಬ್ರಿಟನ್, ಫ್ರಾನ್ಸ್ ಬಾವುಟಗಳು ಒಂದೇ ಗೋಡೆಯ ಮೇಲೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಾರನೇ ದಿನ ಪಾಟ್ಸ್‌ಡ್ಯಾಮ್. ಎಸ್7 ರೈಲು ಹಿಡಿಯಿರಿ, ಆದರೆ ಟಿಕೆಟ್ ನಗರದ ಹೊರಭಾಗವೂ ಸೇರಿದ ಎಬಿಸಿ ವಲಯದ್ದೇ ಇರಬೇಕು. ಎಬಿ ಟಿಕೆಟ್ ಹಿಡಿದು ಕೂತಿದ್ದ ಇಬ್ಬರು ಹುಡುಗರು ನಮ್ಮ ಕಣ್ಣೆದುರೇ ದಂಡ ಕಟ್ಟಿದರು, ಪಾಪ. ಸ್ಟೇಷನ್ನಿಂದ ಟ್ರಾಮ್, ಆಮೇಲೆ 603 ಬಸ್ಸು. ಸೆಸಿಲಿಯನ್‌ಹೋಫ್ ಅರಮನೆ ದುರಸ್ತಿಗೆ ಮುಚ್ಚಿರಬಹುದು, ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಮೇಜು. ದುಂಡಗೆ, ಸುಮಾರು 3 ಮೀಟರ್ ಅಗಲ, ಮೇಲೆ ಕೆಂಪು ಬಟ್ಟೆ. ಅಮೆರಿಕದ ಅಧ್ಯಕ್ಷ ಟ್ರೂಮನ್, ಸೋವಿಯತ್ ನಾಯಕ ಸ್ಟಾಲಿನ್, ಬ್ರಿಟನ್ ಪ್ರಧಾನಿ ಚರ್ಚಿಲ್ 1945ರ ಜುಲೈ 17ರಿಂದ ಇದರ ಸುತ್ತ ಕೂತು ಜರ್ಮನಿಯನ್ನು ಏನು ಮಾಡುವುದು ಅಂತ ಚರ್ಚಿಸಿದರು. ನಡುವೆಯೇ ಚರ್ಚಿಲ್ ಚುನಾವಣೆ ಸೋತು, ಆ ಕುರ್ಚಿಗೆ ಹೊಸ ಪ್ರಧಾನಿ ಆಟ್ಲೀ ಬಂದರು. ಸಭೆಯ ಹಿಂದಿನ ದಿನವಷ್ಟೇ ಅಮೆರಿಕ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಜುಲೈ 24ರಂದು ಸಭೆ ಮುಗಿದ ಮೇಲೆ ಟ್ರೂಮನ್, ನಮ್ಮ ಹತ್ತಿರ ಹೊಸ ಆಯುಧ ಇದೆ ಅಂತಷ್ಟೇ ಸ್ಟಾಲಿನ್‌ಗೆ ಹೇಳಿದರು. ಗೂಢಚಾರರಿಂದ ಸ್ಟಾಲಿನ್‌ಗೆ ಅದು ಮೊದಲೇ ಗೊತ್ತಿತ್ತು! ಯುದ್ಧ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಗೆಳೆಯರೇ ಒಬ್ಬರಿಂದ ಒಬ್ಬರು ಮುಚ್ಚಿಡುತ್ತಿದ್ದರು ಅಲ್ವಾ, ಜಗಳದ ಬೇರು ಇಲ್ಲೇ ಇದೆ ಅಂತ ನನಗೆ ಅನಿಸಿತು. ಅಂಗಳದಲ್ಲಿ ಸೋವಿಯತ್‌ನವರು ಹೂವಿನಲ್ಲಿ ಬಿಡಿಸಿದ ಕೆಂಪು ನಕ್ಷತ್ರವನ್ನೂ ನೋಡಿ.

ಊಟಕ್ಕೆ ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದೆವು. ಕೆರೆ ದಡದಲ್ಲಿ ಕೂತು ತಿನ್ನಲು ಜಾಗ ಚೆನ್ನಾಗಿದೆ.

ಸಂಜೆಗೆ ಟೆಂಪೆಲ್‌ಹೋಫ್, ಪಶ್ಚಿಮ ಬರ್ಲಿನ್‌ನ ಹಳೇ ವಿಮಾನ ನಿಲ್ದಾಣ. ಯುದ್ಧದ ಮೇಲೆ ಆ ನಾಲ್ಕು ದೇಶಗಳು ಜರ್ಮನಿಯನ್ನೂ ಬರ್ಲಿನ್ ನಗರವನ್ನೂ ಹಂಚಿಕೊಂಡಿದ್ದವು, ಆದರೆ ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ಒಳಗೆ. 1948ರ ಜೂನ್‌ನಲ್ಲಿ ಉಳಿದ ಮೂವರ ಕೈಯಲ್ಲಿದ್ದ ಪಶ್ಚಿಮದ ವಲಯಗಳಿಗೆ ಹೊಸ ಕರೆನ್ಸಿ ಬಂತು. ನಾಲ್ಕೇ ದಿನಕ್ಕೆ ಸ್ಟಾಲಿನ್ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಎಲ್ಲ ಬಂದ್ ಮಾಡಿಸಿದರು. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ಹಿಟ್ಟು, ಹಾಲಿನ ಪುಡಿ, ಎಲ್ಲಕ್ಕಿಂತ ಜಾಸ್ತಿ ಕಲ್ಲಿದ್ದಲು, ಎಲ್ಲವೂ ವಿಮಾನದಲ್ಲೇ ಬಂತು. ದಿಗ್ಬಂಧನ ತೆರವಾಗಿದ್ದು 1949ರ ಮೇ 12ಕ್ಕೆ. ಅದೇ ತಿಂಗಳು ಪಶ್ಚಿಮ ಜರ್ಮನಿ, ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿ ಹುಟ್ಟಿತು.

ಆ ರನ್‌ವೇ ಈಗ ಪಾರ್ಕು. ನಾವು ಹೋದಾಗ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಕತ್ತಲಾದರೆ ಗೇಟು ಹಾಕುತ್ತಾರೆ.