ಆ ಎತ್ತರದ ಸ್ವರ

ರಾತ್ರಿ ಲಾರೆನ್ ಹಾರ್ಟ್ ಹಾಡಿದ ವಿಡಿಯೋಗಳನ್ನೇ ನೋಡ್ತಾ ಕೂತಿದ್ದೆ. ಫಿಲಡೆಲ್ಫಿಯಾ ಫ್ಲೈಯರ್ಸ್ ಐಸ್ ಹಾಕಿ ತಂಡದ ಪಂದ್ಯಗಳಿಗೆ ಅಮೆರಿಕದ ರಾಷ್ಟ್ರಗೀತೆ ಹಾಡಿ ಹೆಸರಾದವರು. ಅಪ್ಪ ಜೀನ್ ಹಾರ್ಟ್ ಅದೇ ತಂಡದ ಜನಪ್ರಿಯ ಕಾಮೆಂಟೇಟರ್. 1999ರಲ್ಲಿ ಅಪ್ಪ ತೀರಿಕೊಂಡರು. ಆ ದುಃಖ ಆರುವ ಮೊದಲೇ ಮಗಳಿಗೆ ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಅಂದ್ರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಗೆದ್ದು ಬಂದರು, ವರ್ಷಗಟ್ಟಲೆ ಹಾಡಿದರು.

ನಮ್ಮ ಜನಗಣಮನ 52 ಸೆಕೆಂಡು, ಶಾಲೆ ಮಕ್ಕಳೂ ಒಟ್ಟಾಗಿ ಹಾಡ್ತಾರೆ. ಅವರದು ಕಷ್ಟದ ಧಾಟಿ. ಒಂದೂವರೆ ಸ್ಥಾಯಿ ಹತ್ತಿ ಇಳಿಯಬೇಕು, ಕೊನೆಯ ಹತ್ತಿರ 'ಫ್ರೀ' ಅನ್ನೋ ಪದಕ್ಕೆ ಮೇಲಿನ ಸ್ವರದಲ್ಲಿ ನಿಲ್ಲಬೇಕು. ಒಳ್ಳೊಳ್ಳೆ ಗಾಯಕರೇ ಅಲ್ಲಿ ತಡವರಿಸಿದ್ದಾರೆ.

ಕೀಮೋ ಸಮಯದಲ್ಲಿ ನಮ್ಮ ಚಿಕ್ಕಮ್ಮನ ಬಾಯಿ ತುಂಬ ಹುಣ್ಣು. ಗಂಜಿ ನುಂಗುವಾಗಲೂ ಕಣ್ಣಲ್ಲಿ ನೀರು. ದಿನಾ ದೇವರ ಮುಂದೆ ಹಾಡ್ತಿದ್ದವರು ಬರೀ ತುಟಿ ಆಡಿಸ್ತಿದ್ರು. ಅದನ್ನ ಹತ್ತಿರದಿಂದ ನೋಡಿದ್ದಕ್ಕೋ ಏನೋ, ಈ ಹೆಣ್ಣುಮಗಳು ಸಾವಿರಾರು ಜನರ ಮುಂದೆ ಒಬ್ಬರೇ ನಿಂತು, ಉಸಿರೆಳೆದು ಆ ಸ್ವರ ಹಿಡಿದಾಗ ಮೈ ಜುಮ್ಮೆಂದಿತು. ಕಾಯಿಲೆ ಕಿತ್ತುಕೊಳ್ಳೋಕೆ ನೋಡಿದ್ದನ್ನ ವಾಪಸ್ ಪಡೆದವರ ದನಿಗೆ ಬೇರೆಯದೇ ಬಲ ಇರುತ್ತೆ ಅಂತ ನಾನು ನಂಬ್ತೀನಿ.

ಚಿಕ್ಕಮ್ಮ ಈಗ ಮತ್ತೆ ಹಾಡ್ತಾರೆ, ಶ್ರುತಿ ಒಂದು ಮನೆ ಇಳಿಸಿಕೊಂಡು.