ಸಂಜೆ ಬರುವ ಊತ

"ಬೆಳಿಗ್ಗೆ ಇರಲ್ಲ ಸಾರ್, ಸಂಜೆ ಬರುತ್ತೆ."

ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಮಾತು. ನಮ್ಮ ಗದ್ದೆಯಾಚೆ ಇರುವ ಅಕ್ಕ ಆಡು ಸಾಕಿದ್ದಾರೆ. ಅದರಲ್ಲೊಂದು ಬಡಕಲಾಗುತ್ತಾ ಬಂದಿತ್ತು, ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊತ. ನಾನೇ ಅವರ ಜೊತೆ ಪಶು ಆಸ್ಪತ್ರೆಗೆ ಹೋಗಿದ್ದೆ. ಬೆಳಿಗ್ಗೆ ಹೊತ್ತು, ಊತ ಇಳಿದಿತ್ತು. "ಎಲ್ಲಮ್ಮಾ ಊತ?" ಅಂದರು ಡಾಕ್ಟರು. ಆಗ ಅಕ್ಕ ಹೇಳಿದ್ದು ಈ ಮಾತು. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಜಂತುಹುಳದ ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಈ ವಾರ ಆ ಆಡು ಸತ್ತಿತು. ಬೇರೆ ಡಾಕ್ಟರು ಬಂದು ಹೊಟ್ಟೆ ಕೊಯ್ದು ನೋಡಿದರು. ಲಿವರ್ ಅಲ್ಲಲ್ಲಿ ಗಟ್ಟಿಯಾಗಿತ್ತು, ಪಿತ್ತದ ನಾಳಗಳು ದಪ್ಪಗೆ ಎದ್ದು ಕಾಣುತ್ತಿದ್ದವು. ಒಂದನ್ನು ಸೀಳಿ ಒತ್ತಿದಾಗ ಕಂದು ಬಣ್ಣದ ಚಪ್ಪಟೆ ಹುಳುಗಳು ಒಂದರ ಹಿಂದೊಂದು ಜಾರಿ ಹೊರಗೆ ಬಂದವು, ಸಣ್ಣ ಎಲೆಗಳ ಹಾಗೆ, ಇನ್ನೂ ಅಲುಗಾಡುತ್ತಿದ್ದವು. ಅಕ್ಕ ಮುಖ ತಿರುಗಿಸಲಿಲ್ಲ. ಸಂಜೆಯ ಊತದ ವಿಷಯ ಮತ್ತೆ ಹೇಳಿದರು. "ಸರಿಯಾಗೇ ನೋಡಿದ್ದೀರಮ್ಮ" ಅಂದರು ಈ ಡಾಕ್ಟರು. ಹುಳು ರಕ್ತ ಹೀರಿ, ಲಿವರ್ ಕೆಡಿಸಿ, ರಕ್ತ ತೆಳುವಾಗುತ್ತದಂತೆ. ದಿನವಿಡೀ ತಲೆ ತಗ್ಗಿಸಿ ಮೇಯುವಾಗ ಗದ್ದದ ಕೆಳಗೆ ನೀರು ಇಳಿಯುತ್ತದೆ, ರಾತ್ರಿ ತಲೆ ಎತ್ತಿ ಮಲಗಿದಾಗ ಕಡಿಮೆಯಾಗುತ್ತದೆ.

ಅಂದರೆ ಕಾಯಿಲೆಯ ಗುರುತನ್ನು ಅಕ್ಕ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರು. ಮೊದಲಿನ ಡಾಕ್ಟರು ಕೆಟ್ಟವರು ಅಂತ ನಾನು ಹೇಳಲ್ಲ, ಅವತ್ತು ಜನ ಜಾಸ್ತಿ ಇದ್ದರು. ಆದರೆ ಕಣ್ಣಿನ ರೆಪ್ಪೆ ಬಿಡಿಸಿ ಒಳಗೆ ಬಿಳಿಚಿದೆಯಾ ಅಂತ ನೋಡೋದಕ್ಕೆ ಎಷ್ಟು ಹೊತ್ತು ಬೇಕು? ಹಿಕ್ಕೆ ಪರೀಕ್ಷೆ ಮಾಡಿಸಬಹುದಿತ್ತು. ಬರೆದುಕೊಟ್ಟಿದ್ದ ಆಲ್ಬೆಂಡಜೋಲ್ ಬಲಿತ ಲಿವರ್ ಹುಳುವಿಗೆ ಮಾತ್ರ ನಾಟುತ್ತದೆ, ಅದಕ್ಕೂ ಮಾಮೂಲಿ ಜಂತುವಿಗಿಂತ ಹೆಚ್ಚು ಪ್ರಮಾಣ ಬೇಕು. ಲಿವರ್ ಕೊರೆಯುತ್ತಾ ಓಡಾಡುವ ಮರಿಹುಳುಗಳಿಗೆ ಟ್ರೈಕ್ಲಾಬೆಂಡಜೋಲ್ ಬೇಕು. ಉಳಿದ ಆಡುಗಳಿಗೆ ಈಗ ತೂಕ ನೋಡಿ ಅದನ್ನೇ ಕೊಟ್ಟಿದ್ದಾರೆ.

ನನಗೆ ಇನ್ನೂ ಸಿಟ್ಟು ಬಂದಿದ್ದು ಪಕ್ಕದ ತೋಟದವರ ಮಾತಿಗೆ. "ನೋಡಿಕೊಳ್ಳೋಕೆ ಬರದಿದ್ರೆ ಯಾಕೆ ಸಾಕ್ಬೇಕು?" ಅಂದುಬಿಟ್ಟರು, ಅಕ್ಕನ ಎದುರಿಗೇ. ಆಡು ತಾನಾಗಿ ಕೆಸರು ಹುಲ್ಲಿಗೆ ಹೋಗುವ ಪ್ರಾಣಿಯಲ್ಲ. ಅದಕ್ಕೆ ಬೇಕಾಗಿದ್ದು ಮೇಲಿನ ಸೊಪ್ಪು, ಚಿಗುರು. ಆದರೆ ಕೊಡಗಿನಲ್ಲಿ ಎತ್ತ ನೋಡಿದರೂ ಕಾಫಿ ತೋಟ, ಬೇಲಿ. ಕಾಫಿ ಚಿಗುರಿಗೋ ಮೆಣಸಿನ ಬಳ್ಳಿಗೋ ಬಾಯಿ ಹಾಕಿದರೆ ಜಗಳ. ಹಾಗಾಗಿ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಕಳೆದು ಕೊಯ್ಲು ಮುಗಿದ ಮೇಲೆ ಅಕ್ಕನಿಗೆ ಉಳಿಯೋದು ಗದ್ದೆ ಮತ್ತು ತೋಡಿನ (ಸಣ್ಣ ಹಳ್ಳದ) ಅಂಚು. ಅಲ್ಲೇ ಬಸವನಹುಳು ಇರೋದು. ಹಿಕ್ಕೆಯಲ್ಲಿ ಬಿದ್ದ ಲಿವರ್ ಹುಳುವಿನ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಬಸವನಹುಳುವಿನೊಳಗೆ ಸೇರಿ, ಒಂದು ನೂರಾರಾಗಿ ಹೊರಬಂದು ಹುಲ್ಲಿಗೆ ಅಂಟಿಕೊಂಡು ಕೂರುತ್ತದೆ. ಕಣ್ಣಿಗೆ ಕಾಣಲ್ಲ. ಆ ಹುಲ್ಲು ತಿಂದು ತಿಂಗಳುಗಳಾದ ಮೇಲೆ ಗದ್ದ ಊದುತ್ತದೆ. ಇದರಲ್ಲಿ ಅಕ್ಕನ ತಪ್ಪು ಯಾವುದು?

ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದಾಗಿದೆ, ಇನ್ನು ತೋಟಗಳಲ್ಲಿ ಮರಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾಗುತ್ತದೆ. ಹಾಲುವಾಣ ಅನ್ನೋ ನೆರಳಿನ ಮರದ ಕೊಂಬೆ ರಾಶಿ ರಾಶಿ ಕಡಿದು ಅಲ್ಲೇ ಕೊಳೆಯಲು ಬಿಡುತ್ತಾರೆ, ಹಲಸಿನ ಸೊಪ್ಪೂ ಅಷ್ಟೇ. ಆಡಿಗೆ ಎರಡೂ ಇಷ್ಟ. ನಮ್ಮ ತೋಟದ್ದನ್ನು ಹೊರೆ ಕಟ್ಟಿ ಅಕ್ಕನ ಕೊಟ್ಟಿಗೆಗೆ ಕಳಿಸಲು ಹೇಳಿದ್ದೇನೆ. ಪಕ್ಕದವರನ್ನೂ ಕೇಳುತ್ತೇನೆ. ಅವರು ಹೇಳಿದ ಆ ಮಾತನ್ನೂ ಅಲ್ಲೇ ನೆನಪಿಸುತ್ತೇನೆ.