ಕೊಪ್ಪಳಕ್ಕೆ ಎಷ್ಟು ಬಣ್ಣ?

ಕರ್ನಾಟಕದ ಜಿಲ್ಲೆಗಳ ನಕಾಶೆಗೆ ಬಣ್ಣ ತುಂಬಬೇಕು. ಗಡಿ ಹಂಚಿಕೊಂಡ ಎರಡು ಜಿಲ್ಲೆಗಳಿಗೆ ಒಂದೇ ಬಣ್ಣ ಇರಬಾರದು. ಮೂರು ಬಣ್ಣ ಸಾಕಾ?

ಕೊಪ್ಪಳದಲ್ಲಿ ಈ ಬೇಸಿಗೆ ರಜೆಗೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಥಿಯರಿ ಹೇಳಿಕೊಟ್ಟೆವು. ಶುರುವಾಗಿದ್ದೇ ಈ ಪ್ರಶ್ನೆಯಿಂದ. ಕ್ಲಾಸಿನಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ. ಟ್ಯಾಲಿ ಕಲಿಸ್ತಾರೆ ಅಂದುಕೊಂಡಿದ್ದ ಅಪ್ಪ ಅಮ್ಮಂದಿರಿಗೆ ಸ್ವಲ್ಪ ಬೇಜಾರಾಯಿತು. ಆದರೆ ಕರೆಂಟ್ ಹೋದರೂ ಪಾಠ ನಿಲ್ಲಲಿಲ್ಲ, ಮೇ ತಿಂಗಳಲ್ಲಿ ನಮ್ಮ ಕಡೆ ಅದೇನು ಸಣ್ಣ ಮಾತಾ? ಬೆಳಗ್ಗೆ ಏಳಕ್ಕೆ ಶುರು, ಬಿಸಿಲು ಏರುವ ಮುಂಚೆ ಮನೆಗೆ.

ಎಲ್ಲ ಥರದಲ್ಲೂ ಬಣ್ಣ ಹಚ್ಚಿ ನೋಡೋಣ ಅಂದ ಒಬ್ಬ ಹುಡುಗ. ಸರಿ, ಲೆಕ್ಕ ಹಾಕು ಅಂದೆ. 31 ಜಿಲ್ಲೆ, ಒಂದೊಂದಕ್ಕೂ ಮೂರು ಆಯ್ಕೆ. ಮೂರನ್ನು 31 ಸಲ ಗುಣಿಸಿದರೆ 6 ಕೋಟಿ ಕೋಟಿಗೂ ಜಾಸ್ತಿ. ಸೆಕೆಂಡಿಗೆ ಒಂದರಂತೆ ನೋಡುತ್ತಾ ಹೋದರೂ ಹತ್ತಿರ ಹತ್ತಿರ 2 ಕೋಟಿ ವರ್ಷ.

ಅಷ್ಟೊತ್ತಿಗೆ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಬೋರ್ಡಿಗೆ ಬಂದಳು. ಕೊಪ್ಪಳಕ್ಕೆ ಹಸಿರು ಹಚ್ಚಿದಳು. ಸುತ್ತಲಿನ ಯಾವ ಜಿಲ್ಲೆಗೂ ಇನ್ನು ಹಸಿರು ಇಲ್ಲ, ಉಳಿದದ್ದು ಕೆಂಪು, ಹಳದಿ. ರಾಯಚೂರು ಕೆಂಪು, ಬಳ್ಳಾರಿ ಹಳದಿ, ವಿಜಯನಗರ ಕೆಂಪು, ಗದಗ ಹಳದಿ, ಬಾಗಲಕೋಟೆ ಕೆಂಪು. ಬಾಗಲಕೋಟೆ ಪಕ್ಕ ಮತ್ತೆ ರಾಯಚೂರು, ಅದೂ ಕೆಂಪು! "ಐದು ಅದಾವಲ್ರೀ ಸರ್, ಜೋಡಿ ಕೂಡಂಗಿಲ್ಲ" ಅಂದಳು. ಮುಗೀತು. ಒಂದನ್ನೂ ಪೂರ್ತಿ ಹಚ್ಚದೆ ಆ 6 ಕೋಟಿ ಕೋಟಿಯೂ ಒಂದೇ ಏಟಿಗೆ ಬಿದ್ದವು. ನಾನು ಒಂದು ವಾರ ಮಾತಾಡಿದ್ದರೂ ಇಷ್ಟು ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ.

ಆಮೇಲೆ ಇದರ ಕಥೆ ಹೇಳಿದೆ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ತುಂಬುವಾಗ ಹುಟ್ಟಿದ ಪ್ರಶ್ನೆ. ಯಾವ ನಕಾಶೆಗಾದರೂ ನಾಲ್ಕು ಸಾಕು ಅನ್ನೋದಕ್ಕೆ 1879ರಲ್ಲಿ ಆಲ್‌ಫ್ರೆಡ್ ಕೆಂಪ್ ಅನ್ನೋ ಗಣಿತಜ್ಞ ಪುರಾವೆ ಕೊಟ್ಟರು. 1890ರಲ್ಲಿ ಹೀವುಡ್ ಅದರಲ್ಲೊಂದು ತೂತು ತೋರಿಸಿದರು. ಹನ್ನೊಂದು ವರ್ಷ ಯಾರಿಗೂ ಕಾಣದ ತಪ್ಪು ಅಂದಾಗ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಕೊನೆಗೆ 1976ರಲ್ಲಿ ಆಪೆಲ್ ಮತ್ತು ಹಾಕೆನ್ ಸಾವಿರಕ್ಕೂ ಹೆಚ್ಚು ಕೇಸುಗಳನ್ನು ಕಂಪ್ಯೂಟರಿಗೆ ಕೊಟ್ಟು ಮುಗಿಸಿದರು.

ಮೂರರ ಕಥೆಯೇ ಬೇರೆ. ಕೊಪ್ಪಳದಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು ಅಷ್ಟೇ. ಎಂಥ ನಕಾಶೆ ಕೊಟ್ಟರೂ ಮೂರು ಸಾಕಾ ಇಲ್ಲವಾ ಅಂತ ಬೇಗ ಹೇಳುವ ದಾರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಬೇಗ ಬಿಡಿಸಬಹುದಾದ ಪ್ರಶ್ನೆಗಳ ಗುಂಪಿಗೆ ಪಿ ಅಂತಾರೆ, ಯಾರಾದರೂ ಉತ್ತರ ಕೊಟ್ಟರೆ ಅದು ಸರಿಯಾ ಅಂತ ಬೇಗ ನೋಡಬಹುದಾದ ಪ್ರಶ್ನೆಗಳ ಗುಂಪಿಗೆ ಎನ್‌ಪಿ. ಆ ದಾರಿ ಸಿಕ್ಕರೆ ಪಿ ಮತ್ತು ಎನ್‌ಪಿ ಒಂದೇ ಅಂತಾಗುತ್ತೆ. ಅವೆರಡೂ ಒಂದೇನಾ ಅನ್ನೋ ಪ್ರಶ್ನೆ ಬಿಡಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಿಂದ 10 ಲಕ್ಷ ಡಾಲರ್ ಇಟ್ಟುಕೊಂಡು ಕೂತಿದೆ. (ಡಾಲರ್ ಅಂದ ಕೂಡಲೇ ಹಿಂದಿನ ಬೆಂಚೂ ಎದ್ದು ಕೂತಿತು.)

"ವಿಜಯನಗರ ಜಿಲ್ಲೆ ಆಗಿದ್ದು 2021ರಾಗ. ಅದಕ್ಕಿಂತ ಮೊದ್ಲು ಕೊಪ್ಪಳದ ಸುತ್ತ ನಾಲ್ಕೇ ಅಲ್ವಾ?" ಅಂತ ಮೊದಲಿನ ಹುಡುಗ ಕೇಳಿದ. ನಿಜ, ಆಗ ಇಲ್ಲಿ ಮೂರೇ ಸಾಕಿತ್ತು. ಇಡೀ ರಾಜ್ಯಕ್ಕೆ ಸಾಕಿತ್ತಾ ಅನ್ನೋದನ್ನ ಹೋಂವರ್ಕ್ ಕೊಟ್ಟೆ. ಹಳೇ 30 ಜಿಲ್ಲೆಗಳ ನಕಾಶೆ ಹಾಕಿಕೊಂಡು ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಜಗಳ ಆಡ್ತಿದ್ದಾರೆ.